ಮೂವತ್ತಮೂರನೆಯ ಕಲಮು

ಬಾಟಲಿ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಕುಳಿತಿದ್ದ ಗುಮಾಸ್ತನಿಗೆ ಮನುಷ್ಯರು ಮೊದಲು ಬಣ್ಣವಾಗಿ ಕಾಣುತ್ತಿದ್ದರು, ಆಮೇಲೆ ಮನುಷ್ಯರಾಗಿ. ಕಾಯಂ ನೌಕರರದು ಹಸಿರು ಫೈಲು. ಹನ್ನೊಂದು ತಿಂಗಳ ಅವಧಿಗೆ ಸಹಿ ಹಾಕಿ, ಅದು ಮುಗಿದೊಡನೆ ಮತ್ತೆ ಹೊಸ ಕಾಗದಕ್ಕೆ ಸಹಿ ಹಾಕುವವರದು ಹಳದಿ. ಗುತ್ತಿಗೆದಾರನ ಕಡೆಯಿಂದ ಬಂದವರದು ನೀಲಿ. ಅವರು ಇದೇ ಗೇಟಿನೊಳಗೆ ಬೆವರು ಸುರಿಸಿದರೂ ಕಾರ್ಖಾನೆ ಅವರನ್ನು ತನ್ನವರೆಂದು ಒಪ್ಪುತ್ತಿರಲಿಲ್ಲ. ಪೆಟ್ಟಿಗೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಪ್ಯಾಕಿಂಗಿನವರದು ಗುಲಾಬಿ, ಕೆಲಸ ಕಲಿಯಲು ಬಂದವರದು ಬಿಳಿ. ಈ ಬಣ್ಣಗಳ ಏರ್ಪಾಡು ಎಂಟು ವರ್ಷದ ಹಿಂದೆ ಅವನದೇ ತಲೆಯಿಂದ ಹೊರಟದ್ದು. ಆ ಹೆಮ್ಮೆ ಎಷ್ಟಿತ್ತೆಂದರೆ ಮನೆಯಲ್ಲಿ ಕರೆಂಟು ಬಿಲ್ಲಿಗೂ ಮಗಳ ಅಂಕಪಟ್ಟಿಗೂ ಬೇರೆ ಬೇರೆ ಬಣ್ಣದ ಚೀಲ ತಂದಿಟ್ಟಿದ್ದ. "ನನ್ನನ್ನ ಯಾವ ಬಣ್ಣದಲ್ಲಿ ಹಾಕಿದ್ದೀರಿ, ಹಸಿರೋ ಹಳದೀನೋ?" ಎಂದು ಹೆಂಡತಿ ಕೇಳಿದರೆ ಮಾತ್ರ ಅವನು ಚೀಲಗಳನ್ನು ಮತ್ತೆ ಜೋಡಿಸತೊಡಗುತ್ತಿದ್ದ.

ಅದೇ ಬಣ್ಣಗಳು ಅವನನ್ನು ಮುಳುಗಿಸಿದವು.

ಹೊಸ ಏರ್ಪಾಡು ಮಾಡಿದ ವಾರ ಹಳೆಯ ಬೀರು ಖಾಲಿ ಮಾಡುತ್ತಿದ್ದಾಗ ದಾರ ಕಟ್ಟಿದ ಒಂದು ಕಟ್ಟು ಕೈಗೆ ಸಿಕ್ಕಿತ್ತು. ಕಾಯಂ ನೌಕರರದಲ್ಲ, ಅವಧಿಯವರದಲ್ಲ, ಗುತ್ತಿಗೆಯವರದೂ ಅಲ್ಲ. ಯಾವ ಬಣ್ಣಕ್ಕೂ ಸೇರದ ಕಾಗದ ಕೆಲಸಕ್ಕೆ ಬಾರದ ಕಾಗದವೇ ಇರಬೇಕು ಎಂದು ಅವನು ಅದನ್ನು ರದ್ದಿಯ ರಾಶಿಗೆ ಎಸೆದಿದ್ದ. ಅದು ಯಾವ ಬಣ್ಣಕ್ಕೂ ಸೇರದಿದ್ದುದಕ್ಕೆ ಕಾರಣ, ಅದು ಎಲ್ಲ ಬಣ್ಣದವರಿಗೂ ಸೇರಿದ್ದುದೇ. ಇಪ್ಪತ್ತನಾಲ್ಕು ವರ್ಷದ ಹಿಂದೆ, ನಲವತ್ತು ದಿನ ಕುಲುಮೆ ಆರಿ ನಿಂತ ಮುಷ್ಕರದ ಕೊನೆಗೆ, ಆಡಳಿತವೂ ಕಾರ್ಮಿಕ ಸಂಘವೂ ಕೂಡಿ ಸಹಿ ಹಾಕಿದ ಒಪ್ಪಂದ ಅದು. ಅದರಲ್ಲಿ ನಲವತ್ತೊಂದು ಕಲಮುಗಳಿದ್ದವು.

ಎಂಟು ವರ್ಷ ಯಾರಿಗೂ ಅದು ಬೇಕಾಗಲಿಲ್ಲ. ಕೆಲಸ ಅಭ್ಯಾಸಬಲದಿಂದ ನಡೆಯಿತು. ಈ ವರ್ಷ ಕಾರ್ಖಾನೆ ಕೈಬದಲಾಯಿತು. ಹೊಸ ಮ್ಯಾನೇಜರು ಬಂದ ಮೊದಲ ದಿನವೇ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ: "ಕಾಗದದಲ್ಲಿ ಇರೋದನ್ನೆಲ್ಲ ನಡೆಸ್ತೀವಿ. ಕಾಗದದಲ್ಲಿ ಇಲ್ಲದ್ದು ನಮಗೆ ಗೊತ್ತಿಲ್ಲ." ಬಾಟಲಿಗಳ ದೋಷ ಹುಡುಕುವ ಬೆಳಕಿನ ಮೇಜಿನಲ್ಲಿ ಮೂರನೆಯ ಅವಧಿ ಮುಗಿಸುತ್ತಿದ್ದ ಅರವತ್ತನಾಲ್ಕು ಹೆಂಗಸರ ಹಳದಿ ಫೈಲುಗಳನ್ನು ತರಿಸಿಕೊಂಡು, ಈ ಅವಧಿ ಮುಗಿದ ಮೇಲೆ ಇವರೆಲ್ಲ ಗುತ್ತಿಗೆದಾರನ ಕಡೆಗೆ ಎಂದು ಗುರುತು ಹಾಕಿದ. ಸಂಘದವರು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟರು. ಮೂರು ಅವಧಿ ಮುಗಿಸಿದವರನ್ನು ಕಾಯಂ ಮಾಡಬೇಕೆಂದು ಒಪ್ಪಂದದಲ್ಲೇ ಇದೆ ಎಂದರು. ಎಲ್ಲಿದೆ ಒಪ್ಪಂದ, ತೋರಿಸಿ ಎಂದ ಮ್ಯಾನೇಜರು.

ಸಂಘದ ಪ್ರತಿ ಹಳೆಯ ಕಾರ್ಯದರ್ಶಿಯ ಟ್ರಂಕಿನಲ್ಲಿತ್ತು. ಅವರು ತೀರಿಕೊಂಡು, ಮನೆ ಖಾಲಿಯಾಗಿ, ಟ್ರಂಕು ಯಾರ ಪಾಲಾಯಿತೋ ತಿಳಿಯದು. ಸರ್ಕಾರಿ ಕಚೇರಿಯ ಪ್ರತಿ ಎರಡು ಸಲ ಕಟ್ಟಡ ಬದಲಾಯಿಸಿ ಯಾವುದೋ ಉಗ್ರಾಣ ಸೇರಿತ್ತು. "ಹುಡುಕಿಸ್ತೀವಿ" ಎಂದರು, ಆ ಮಾತಿನ ಬೆಲೆ ಕಚೇರಿ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಕಾರ್ಖಾನೆಯ ಪ್ರತಿ ಎಲ್ಲಿ ಹೋಯಿತೆಂದು ಒಬ್ಬನಿಗೆ ಮಾತ್ರ ಗೊತ್ತಿತ್ತು. ಅರವತ್ತನಾಲ್ಕು ಸಂಸಾರ ತನ್ನ ಒಂದು ಎಸೆತಕ್ಕೆ ಬೀದಿಗೆ ಬೀಳುತ್ತದೆ ಎಂಬ ಯೋಚನೆಯಲ್ಲಿ ಗುಮಾಸ್ತನಿಗೆ ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಊಟದ ಬಿಡುವಿನಲ್ಲಿ ತಪ್ಪೊಪ್ಪಿಕೊಳ್ಳಲು ಅವನು ಬೆಳಕಿನ ಮೇಜಿನ ಹಿರಿಯಳಾದ ರೇಡಿಯೋ ಅಕ್ಕನ ಹತ್ತಿರ ಹೋಗಿ ನಿಂತ.

ರೇಡಿಯೋ ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಅವಳಿಗೆ ಐವತ್ತಮೂರು ವರ್ಷ. ಅಕ್ಷರ ಒಂದೂ ಬಾರದು, ಹೆಬ್ಬೆಟ್ಟು. ಅಪ್ಪ ಬಸ್ ನಿಲ್ದಾಣದ ಮೂಲೆಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ. ಮಗಳು ಅಲ್ಲೇ ಬೆಂಚಿನ ಕೆಳಗೆ ಆಡಿ, ಧ್ವನಿವರ್ಧಕದ ಕೂಗು ಕೇಳಿ ಕೇಳಿ ಬೆಳೆದಳು. ಏಳನೆಯ ವರ್ಷಕ್ಕೆ ನೂರಹತ್ತು ಬಸ್ಸುಗಳ ಹೊತ್ತು, ದಾರಿ, ನಿಲ್ಲುವ ಊರು ಎಲ್ಲ ಅವಳ ಬಾಯಲ್ಲಿ. ನಿಲ್ದಾಣದ ಮೈಕು ಕೆಟ್ಟ ದಿನ ಅಧಿಕಾರಿಯೇ ಅವಳನ್ನು ಕುರ್ಚಿಯ ಮೇಲೆ ನಿಲ್ಲಿಸಿ ಕೂಗಿಸುತ್ತಿದ್ದನಂತೆ. ಯಾರಾದರೂ ಒಮ್ಮೆ ಹೇಳಿದ್ದನ್ನು ಹಾಗೆ ಹಾಗೇ, ಹೇಳಿದವರ ರಾಗದಲ್ಲೇ, ವರ್ಷಗಳ ಮೇಲೂ ಒಪ್ಪಿಸುತ್ತಿದ್ದಳು. ಅವಳ ಗಂಡ ಚೀಲ ಹೊಲಿಯುವವನು, ಬಲು ತಮಾಷೆಯ ಮನುಷ್ಯ. "ಇವಳ ಹತ್ರ ಜಗಳ ಆಡೋಕಾಗಲ್ಲ ಕಣ್ರೀ, ಮದುವೆ ವಾರದಲ್ಲಿ ನಾನು ಅಂದಿದ್ದನ್ನ ಈಗ್ಲೂ ತಿರುಗಿ ನನ್ನ ದನೀಲೇ ಹೇಳ್ತಾಳೆ" ಎಂದು ದೂರುತ್ತಿದ್ದ.

ಇಪ್ಪತ್ತೆರಡನೆಯ ವಯಸ್ಸಿಗೆ ಅವಳು ಬೆಳಕಿನ ಮೇಜಿಗೆ ಬಂದಳು. ಔಷಧಿಯ ಬಾಟಲಿಗಳು ಸಾಲಾಗಿ ಬೆಳಗುವ ಬಿಳಿ ಗಾಜಿನ ಮುಂದೆ ಹಾದು ಹೋಗುತ್ತವೆ. ಗುಳ್ಳೆ, ಬಿರುಕು, ಒಳಗೆ ಅಂಟಿದ ಗಾಜಿನ ಚೂರು ಕಂಡರೆ ಕೈ ಹಾಕಿ ತೆಗೆಯಬೇಕು. ಪಾಳಿಗೆ ಹದಿನಾಲ್ಕು ಸಾವಿರ ಬಾಟಲಿ. ಒಂದು ತಪ್ಪಿದರೆ ಅದು ಯಾವುದೋ ಮನೆಯ ರೋಗಿಯ ಬಾಯಿಗೆ ಹೋಗುತ್ತದೆ. ಮೂವತ್ತೊಂದು ವರ್ಷದಲ್ಲಿ ಅವಳ ಮೇಜಿನಿಂದ ಹೋದ ಒಂದು ಪೆಟ್ಟಿಗೆಯೂ ಹಿಂದೆ ಬಂದಿರಲಿಲ್ಲ. ಈ ಮಾತನ್ನು ಅವಳ ಹಸಿರು ಫೈಲಿನಲ್ಲಿ ಗುಮಾಸ್ತ ತಾನೇ ಬರೆದಿದ್ದ, ಬರೆಯುವಾಗ ನಂಬಲಾರದೆ ಎರಡು ಸಲ ಎಣಿಸಿದ್ದ.

"ಅಕ್ಕ, ಒಂದು ತಪ್ಪಾಗಿದೆ" ಎಂದು ಶುರು ಮಾಡಿ ಅವನು ಕಟ್ಟು, ರದ್ದಿ, ಬಣ್ಣ ಎಲ್ಲವನ್ನೂ ಹೇಳಿಕೊಂಡ. ಅಕ್ಕ ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿದಳು.

"ಅಲ್ಲ ಗುಮಾಸ್ತ್ರೇ, ಇಷ್ಟು ಬಣ್ಣ ಕೊಂಡ್ಕೊಂಡ್ರಿ, ಇನ್ನೊಂದು ಕೊಂಡಿದ್ರೆ ಏನು ಗಂಟು ಹೋಗ್ತಿತ್ತು?"

"ಬಯ್ಯಿರಿ ಅಕ್ಕ."

"ಬಯ್ದ್ರೆ ರದ್ದಿ ವಾಪಸ್ ಬರುತ್ತಾ?" ಎಂದಳು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, "ಅದು ನನ್ನ ಹತ್ರ ಇದೆ" ಎಂದಳು.

ಅವನು ಒಂದು ಹೆಜ್ಜೆ ಮುಂದೆ ಬಂದ. "ಎಲ್ಲಿ? ಮನೇಲಾ?"

ಅಕ್ಕ ತನ್ನ ಕಿವಿ ಮುಟ್ಟಿ ತೋರಿಸಿದಳು.

ಆಗ ಅವಳು ಹೇಳಿದ್ದು ಇಷ್ಟು. ಒಪ್ಪಂದ ಆದ ದಿನ ಕಾರ್ಯದರ್ಶಿ ಗೇಟಿನ ಹತ್ತಿರ ಸ್ಟೂಲಿನ ಮೇಲೆ ನಿಂತು ಅದನ್ನು ಜೋರಾಗಿ ಓದಿದ್ದರು. ಓದು ಬಾರದವರೇ ಹೆಚ್ಚಿದ್ದ ಕಾಲ. ಕೇಳದೆ ಯಾರೂ ಹೆಬ್ಬೆಟ್ಟು ಒತ್ತಬಾರದೆಂದು ಸಂಘದ ಕಟ್ಟುನಿಟ್ಟು. ಮೂರು ಪಾಳಿಗೆ ಮೂರು ಸಲ ಓದಿದರು. ಅಕ್ಕ ಮನೆಗೆ ಹೋಗದೆ ಮೂರೂ ಸಲ ನಿಂತು ಕೇಳಿದಳು. ಮಿಕ್ಕವರ ಹತ್ತಿರ ಕಾಗದ ಓದಬಲ್ಲ ಮಕ್ಕಳಿದ್ದಾರೆ, ತನಗೆ ಯಾರಿದ್ದಾರೆ ಎಂಬ ಯೋಚನೆಯಿಂದ ಕಲಿತಳು. ಕಲಿತದ್ದು ಮರೆಯಬಾರದೆಂದು ಮೇಜಿನ ಮುಂದೆ ಕುಳಿತಾಗ ದಿನಕ್ಕೊಂದು ಕಲಮನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು. ನಲವತ್ತೊಂದು ದಿನಕ್ಕೆ ಒಂದು ಸುತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಎಷ್ಟು ಸುತ್ತಾಯಿತು ಎಂದು ಗುಮಾಸ್ತ ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ. ತಾನು ಮೂರ್ಖತನದಿಂದ ಎಸೆದದ್ದನ್ನು ಈ ಹೆಂಗಸು ಯಾರೂ ಕೇಳದೆಯೇ ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದಾಳಲ್ಲ ಎಂದು ಅವನಿಗೆ ಕೈಮುಗಿಯಬೇಕೆನ್ನಿಸಿತು.

ವಿಚಾರಣೆ ಕಾರ್ಖಾನೆಯ ಸಭಾ ಕೋಣೆಯಲ್ಲೇ ನಡೆಯಿತು. ಕಾರ್ಮಿಕ ಅಧಿಕಾರಿ ಒಬ್ಬ ಮೇಡಂ. ಮಾತು ಕಡಿಮೆ, ಪೆನ್ನಿನ ಮುಚ್ಚಳ ತೆಗೆದು ಹಾಕುವುದು ಹೆಚ್ಚು. ಒಪ್ಪಂದ ಬಾಯಿಪಾಠ ಬರುವವರಿದ್ದಾರೆ ಎಂದು ಸಂಘದವರು ಹೇಳಿದಾಗ ಹೊಸ ಮ್ಯಾನೇಜರು ನಕ್ಕ. ಮೇಡಂ ನಗಲಿಲ್ಲ. "ಕಾಗದ ಸಿಗೋವರೆಗೆ ಬಾಯಿಮಾತನ್ನ ಬರೆದಿಟ್ಟುಕೊಳ್ಳೋಣ. ಕಾಗದ ಸಿಕ್ಕ ಮೇಲೆ ತಾಳೆ ನೋಡಿದ್ರಾಯ್ತು" ಎಂದರು. ಬರೆದುಕೊಳ್ಳುವ ಕೆಲಸ ಗುಮಾಸ್ತನ ಪಾಲಿಗೆ ಬಂತು.

ಅಕ್ಕ ಕೂರಲಿಲ್ಲ. ಸೆರಗು ಸರಿಮಾಡಿಕೊಂಡು, ಕೈ ಕಟ್ಟಿ, ಗೋಡೆಯ ಕಡೆ ನೋಡುತ್ತ ಆರಂಭಿಸಿದಳು. ಬಂದದ್ದು ಅವಳ ಮಾತಲ್ಲ. ಕಚೇರಿಯ ಕನ್ನಡ, ಉದ್ದುದ್ದ ವಾಕ್ಯ, "ತಕ್ಕದ್ದು", "ಮೇಲ್ಕಂಡ", "ಉಭಯ ಪಕ್ಷಗಳು". ಒಂದನೆಯ ಕಲಮು, ಎರಡನೆಯದು, ಮೂರನೆಯದು. ಗುಮಾಸ್ತ ಬರೆಯುತ್ತ ಹೋದ. ಒಂಬತ್ತನೆಯದರ ನಡುವೆ ಅವಳು ಎರಡು ಸಲ ಕೆಮ್ಮಿದಳು. ಅವನು ನೀರಿನ ಲೋಟ ಮುಂದೆ ಸರಿಸಿದ.

"ನನಗಲ್ಲ. ಅಲ್ಲಿ ಕಾರ್ಯದರ್ಶಿಗಳು ಕೆಮ್ಮಿದ್ರು. ಮೂರು ಸಲಾನೂ ಅಲ್ಲೇ ಕೆಮ್ಮಿದ್ರು."

ಮೇಡಂ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು. ಮ್ಯಾನೇಜರ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹನ್ನೆರಡನೆಯ ಕಲಮು ಬಂತು: ಬೆಳಕಿನ ಮೇಜಿನಲ್ಲಿ ಇಪ್ಪತ್ತು ನಿಮಿಷ ನೋಡಿದ ಮೇಲೆ ಹತ್ತು ನಿಮಿಷ ಕಣ್ಣಿಗೆ ಬಿಡುವು ಕೊಡತಕ್ಕದ್ದು. ಪಾಳಿ ಬದಲಿಸಲು ನಲವತ್ತೆಂಟು ಗಂಟೆ ಮೊದಲು ತಿಳಿಸತಕ್ಕದ್ದು ಎಂಬುದು ಹತ್ತೊಂಬತ್ತನೆಯದರಲ್ಲಿ. ಗುಮಾಸ್ತನ ಬೆರಳು ಮರಗಟ್ಟಿತು, ಮಸಿ ಮುಗಿದು ಬೇರೆ ಪೆನ್ನು ತೆಗೆದುಕೊಂಡ, ಅವಳ ದನಿ ಮಾತ್ರ ಎಳ್ಳಷ್ಟೂ ಏರುಪೇರಾಗಲಿಲ್ಲ. ಇಷ್ಟು ವರ್ಷ ಕಾಗದವೇ ದೊಡ್ಡದು, ಮನುಷ್ಯ ಅದಕ್ಕೆ ಅಂಟಿಸಿದ ಚೀಟಿ ಎಂದು ನಂಬಿ ಬದುಕಿದವನಿಗೆ ಆ ಬೆಳಿಗ್ಗೆ ಮೈ ಜುಮ್ಮೆಂದಿತು.

ಮೂವತ್ತೆರಡು ಮುಗಿಸಿ ಅಕ್ಕ ನಿಂತಳು. ಈ ಸಲ ತಾನೇ ಲೋಟ ಎತ್ತಿಕೊಂಡು ನೀರು ಕುಡಿದಳು. ಮರೆತಳೋ ಏನೋ ಎಂದು ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವಳು ಹೇಳಿದಳು:

"ಮೂವತ್ತಮೂರನೆಯ ಕಲಮು. ಬೆಳಕಿನ ಮೇಜಿನ ನೌಕರರ ಕಣ್ಣನ್ನು ವರ್ಷಕ್ಕೊಮ್ಮೆ ಪರೀಕ್ಷಿಸತಕ್ಕದ್ದು. ಎರಡು ಕಣ್ಣುಗಳಲ್ಲಿ ಒಂದರ ದೃಷ್ಟಿ ಕುಂದಿದೆಯೆಂದು ಕಂಡುಬಂದಲ್ಲಿ, ಸದರಿ ನೌಕರರ ಸೇವಾವಧಿ ಎಷ್ಟೇ ಇದ್ದರೂ, ಅವರನ್ನು ಮೇಜಿನಿಂದ ತೆಗೆಯತಕ್ಕದ್ದು. ಸೂಕ್ತವಾದ ಬೇರೆ ಕೆಲಸವಿದ್ದಲ್ಲಿ ಕೊಡತಕ್ಕದ್ದು. ಇಲ್ಲದಿದ್ದಲ್ಲಿ ಸೇವೆಯಿಂದ ಬಿಡುಗಡೆ ಮಾಡತಕ್ಕದ್ದು."

ಗುಮಾಸ್ತನ ಪೆನ್ನು ಅಲ್ಲೇ ನಿಂತಿತು. ಆ ಕೋಣೆಯಲ್ಲಿದ್ದವರಿಗೆಲ್ಲ ಅದು ಮತ್ತೊಂದು ಕಲಮು. ಕಣ್ಣಿನ ಪರೀಕ್ಷೆ ಮಾಡುವ ಡಾಕ್ಟರು ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಅಂಥದೊಂದು ಷರತ್ತು ಇತ್ತೆಂಬುದೇ ಯಾರಿಗೂ ನೆನಪಿರಲಿಲ್ಲ. ಆದರೆ ಎರಡು ತಿಂಗಳ ಹಿಂದೆ ಅಕ್ಕ ಅವನ ಕೋಣೆಗೆ ಬರುವಾಗ ಎಡಗಡೆಯ ಬಾಗಿಲಿಗೆ ಹಣೆ ಬಡಿದುಕೊಂಡಿದ್ದಳು. ತೆರೆದೇ ಇದ್ದ ಬಾಗಿಲು. ಅವನು ಕೇಳಿದ್ದಕ್ಕೆ, ಎಡಗಣ್ಣಿನ ನರ ಒಣಗಿದೆಯಂತೆ, ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲವಂತೆ ಎಂದು ಹೇಳಿ, "ಯಾರಿಗೂ ಹೇಳ್ಬೇಡಿ ಗುಮಾಸ್ತ್ರೇ. ಬಲಗಣ್ಣಲ್ಲಿ ಎರಡೆರಡು ಸಲ ನೋಡಿ ಬಿಡ್ತಿದ್ದೀನಿ, ಒಂದೂ ತಪ್ಪಿಸಿಲ್ಲ" ಎಂದು ಮಾತು ತೆಗೆದುಕೊಂಡಿದ್ದಳು. ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು. ಗಂಡನ ಹೊಲಿಗೆ ಅರ್ಧಕ್ಕರ್ಧ ಇಳಿದಿತ್ತು. ಮನೆ ನಡೆಯುತ್ತಿದ್ದುದೇ ಅವಳಿಂದ.

ಬಿಡಕ್ಕ, ಇದೊಂದನ್ನ ಬಿಟ್ಟು ಮುಂದೆ ಹೋಗು ಎಂದು ಅವನ ಒಳಗೆಲ್ಲ ಕೂಗುತ್ತಿತ್ತು. ಅವಳು ಅವನ ಕಡೆ ನೋಡಿದಳು.

"ಬರ್ಕೊಂಡ್ರಾ?"

ಬರೆದುಕೊಂಡ. ಮೂವತ್ತನಾಲ್ಕನೆಯದು ಅರವತ್ತನಾಲ್ಕು ಹೆಂಗಸರು ಕಾಯುತ್ತಿದ್ದ ಕಲಮು: ಬೆಳಕಿನ ಮೇಜಿನಲ್ಲಿ ಮೂರು ಅವಧಿ ಪೂರೈಸಿದ ಅವಧಿ ನೌಕರರನ್ನು ನಾಲ್ಕನೆಯ ಅವಧಿಯ ಮೊದಲ ದಿನದಿಂದ ಕಾಯಂ ಮಾಡತಕ್ಕದ್ದು. ನಲವತ್ತೊಂದು ಮುಗಿದಾಗ ಮಧ್ಯಾಹ್ನ ಎರಡೂವರೆ ಗಂಟೆಯಾಗಿತ್ತು.

ಸಂಜೆ ಗೇಟಿನ ಹೊರಗೆ ಅವನು ಅವಳನ್ನು ತಡೆದು ನಿಲ್ಲಿಸಿದ. "ಯಾಕಕ್ಕ ಹೇಳಿದ್ರಿ? ನಲವತ್ತು ಕಲಮು ಅಂದಿದ್ರೆ ನಲವತ್ತೇ ಬರೀತಿದ್ದೆ. ಯಾರಿಗೆ ಗೊತ್ತಾಗ್ತಿತ್ತು?"

"ನಾಳೆ ಕಾಗದ ಸಿಕ್ಕಿ, ಅದ್ರಲ್ಲಿದ್ದಿದ್ದು ನನ್ನ ಬಾಯಲ್ಲಿ ಇಲ್ಲ ಅಂತಾದ್ರೆ? ಉಳಿದಿದ್ದನ್ನ ಯಾರು ನಂಬ್ತಾರೆ? ಒಂದು ಬಿರುಕು ಬಾಟ್ಲಿ ಕಂಡ್ರೆ ಪೆಟ್ಟಿಗೆಗೆ ಪೆಟ್ಟಿಗೆನೇ ವಾಪಸ್ ಕಳಿಸ್ತಾರೆ." ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಅದೂ ಅಲ್ದೆ ಆ ಕಲಮು ಸರಿಯಾಗೇ ಇದೆ. ಈ ತಿಂಗಳು ನಾನು ತಪ್ಪಿಸಿಲ್ಲ. ಮುಂದಿನ ತಿಂಗಳು ತಪ್ಪಿದ್ರೆ ಕುಡಿಯೋರು ಯಾರ ಮನೆಯವರೋ."

ಹನ್ನೆರಡು ದಿನದ ಮೇಲೆ ಕಾಗದ ಸಿಕ್ಕಿತು. ಉಗ್ರಾಣದ ನೆಲದಲ್ಲಿ ನೀರು ಕುಡಿದು, ಹಾಳೆಗೆ ಹಾಳೆ ಅಂಟಿಕೊಂಡ ಸ್ಥಿತಿಯಲ್ಲಿತ್ತು. ಬಿಡಿಸುವಾಗ ಏಳನೆಯ ಹಾಳೆ ಪುಡಿಪುಡಿಯಾಗಿ ಉದುರಿತು. ಎರಡನೆಯ ವಿಚಾರಣೆಯ ದಿನ ಮೇಡಂ ಆ ಪ್ರತಿಯನ್ನು ಹಿಡಿದುಕೊಂಡು, ಗುಮಾಸ್ತ ತಾನು ಬರೆದುಕೊಂಡಿದ್ದನ್ನು ಗಟ್ಟಿಯಾಗಿ ಓದುತ್ತಿದ್ದಂತೆ ಸಾಲು ಸಾಲು ತಾಳೆ ನೋಡಿದರು. ಮೊದಲ ಮೂವತ್ತು ಕಲಮು ಕೂಡಿದವು. ಕೊನೆಯ ಐದು ಕೂಡಿದವು. ಒಂದು ಪದ ಆಚೆ ಈಚೆ ಇರಲಿಲ್ಲ. ಮೇಡಂ ಮೂಗಿನ ಮೇಲೆ ಬೆರಳಿಟ್ಟುಕೊಂಡು ಅಕ್ಕನನ್ನೇ ನೋಡಿದರು. ಆದರೆ ಮೂವತ್ತೊಂದರಿಂದ ಮೂವತ್ತಾರರವರೆಗೆ ಇದ್ದದ್ದು ಉದುರಿಹೋದ ಆ ಹಾಳೆಯಲ್ಲಿ. ಹೆಂಗಸರ ಮೂವತ್ತನಾಲ್ಕನೆಯ ಕಲಮು ಅದರ ಜೊತೆ ಪುಡಿಯಾಗಿತ್ತು.

ಮ್ಯಾನೇಜರು ಎದ್ದು ನಿಂತ. ಅವನ ಮಾತು ತಪ್ಪೆನ್ನುವಂತಿರಲಿಲ್ಲ. "ಮೂವತ್ತೈದು ಕಲಮು ಸರಿ ಇದೆ, ಒಪ್ಪಿದೆ. ಉಳಿದ ಆರಕ್ಕೆ ಸಾಕ್ಷಿ ಏನು? ಇವರೂ ಆ ಮೇಜಿನವರೇ. ಇಲ್ಲದ ಹಾಳೆಗೆ ಜೊತೆಯವರಿಗೆ ಬೇಕಾದ್ದನ್ನ ಸೇರಿಸಿ ಹೇಳಿರಬಹುದಲ್ಲ?"

ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಗುಮಾಸ್ತನಿಗೆ ಉತ್ತರ ಗೊತ್ತಿತ್ತು. ಅದೇ ಹಾಳೆಯಲ್ಲಿ ಹೇಳಿದವಳ ಕೆಲಸವನ್ನೇ ಕಿತ್ತುಕೊಳ್ಳುವ ಕಲಮೂ ಇದೆ ಎಂದು ಒಂದು ಮಾತು ಹೇಳಿದರೆ ಸಾಕು. ಆದರೆ ಅವನು ಮಾತು ಕೊಟ್ಟಿದ್ದ. ಒಂದು ಸಲ ಈ ಕೈಯಿಂದ ಕೆಟ್ಟದ್ದಾಗಿದೆ, ಇನ್ನೊಂದು ಸಲ ಬಾಯಿಂದ ಆಗುವುದು ಬೇಡ ಎಂದು ಅವನು ಹಲ್ಲು ಕಚ್ಚಿ ಕುಳಿತ.

ಅಕ್ಕನೇ ಮುಂದೆ ಬಂದಳು. "ಮೇಡಮ್ಮೋರೇ, ಎರಡು ಬಾಟ್ಲಿ ತರಿಸಿ. ಒಂದು ಚೆನ್ನಾಗಿರೋದು, ಒಂದು ಬಿರುಕಿರೋದು. ಯಾವ್ದು ಯಾವ್ದು ಅಂತ ನನಗೆ ಹೇಳ್ಬೇಡಿ."

ತರಿಸಿದರು. ಮೇಡಂ ಎರಡನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಅಕ್ಕ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. ಒಂದು ಉಸಿರಿನಷ್ಟು ಹೊತ್ತಿಲ್ಲ, "ನಿಮ್ಮ ಬಲಗೈಯಲ್ಲಿರೋದು. ಕುತ್ತಿಗೆಯಿಂದ ಎರಡು ಬೆರಳು ಕೆಳಗೆ, ಕೂದಲೆಳೆಯಷ್ಟು" ಎಂದಳು. ಮೇಡಂ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಉಗುರಿನಿಂದ ಸವರಿ, ಹೌದೆಂದರು. ಅವರ ಕಣ್ಣಿಗೆ ಅದು ಕಂಡಿರಲಿಲ್ಲ.

ಆಮೇಲೆ ಅಕ್ಕ ಕೈ ಬದಲಿಸಿ ಬಲಗಣ್ಣನ್ನು ಮುಚ್ಚಿಕೊಂಡಳು. ಮೇಡಂ ಬಾಟಲಿಗಳನ್ನು ಮತ್ತೆ ಎತ್ತಿದರು. ಕಾದರು. ಮ್ಯಾನೇಜರೂ ಕಾದ.

"ಬಾಟ್ಲಿ ಎತ್ತಿದ್ದೀರಾ?" ಎಂದು ಕೇಳಿದಳು ಅಕ್ಕ.

ಮೇಡಂ ಎರಡನ್ನೂ ಅವಳ ಮುಖದ ಮುಂದೆಯೇ ಎತ್ತಿ ಹಿಡಿದಿದ್ದರು.

"ನನಗೆ ಬರೀ ಕಿಟಕಿ ಇರೋದು ಗೊತ್ತಾಗ್ತಿದೆ. ಮೂವತ್ತಮೂರನೇದೂ ಆ ಹಾಳೆಯಲ್ಲೇ ಇತ್ತು, ಮೇಡಮ್ಮೋರೇ. ಬೇಕಾದ್ದು ಸೇರಿಸೋಳಾಗಿದ್ರೆ ಅದನ್ನ ಸೇರಿಸ್ತಿದ್ನಾ?"

ಮೇಡಂ ಬಾಟಲಿಗಳನ್ನು ಮೆತ್ತಗೆ ಮೇಜಿನ ಮೇಲಿಟ್ಟರು. ಮ್ಯಾನೇಜರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕುಳಿತೇಬಿಟ್ಟ. ಸಂಘದ ಹೆಂಗಸೊಬ್ಬಳು ಬಿಕ್ಕಿದಳು. ಮನುಷ್ಯರು ಇಷ್ಟು ದೊಡ್ಡವರಾಗಿರಬಹುದೆಂದು ಗುಮಾಸ್ತನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳ ಮುಂದೆ ಆ ಕೋಣೆಯೇ ಸಣ್ಣದಾದಂತೆ ಅವನಿಗೆ ಕಂಡಿತು. ನಲವತ್ತೊಂದು ಕಲಮೂ ಊರ್ಜಿತ ಎಂದು ಅಧಿಕಾರಿಯ ಆದೇಶ ಅಂದೇ ಆಯಿತು. ಅರವತ್ತನಾಲ್ಕು ಹೆಂಗಸರ ಕೆಲಸ ಉಳಿಯಿತು.

ನಲವತ್ತೊಂದು ಎಂದರೆ ನಲವತ್ತೊಂದೂ. ಸಂಘದವರು ಅಕ್ಕನಿಗೆ ಬೇರೆ ಕೆಲಸ ಕೊಡಿ ಎಂದು ವಾರಗಟ್ಟಲೆ ಬಡಿದಾಡಿದರು. ಸೂಕ್ತವಾದದ್ದು ಇಲ್ಲ ಎಂದು ಆಡಳಿತ ಮೂರು ಸಲ ಬರೆದುಕೊಟ್ಟಿತು. ಅರವತ್ತನಾಲ್ಕು ಮಂದಿ ಕೆಲಸ ನಿಲ್ಲಿಸುತ್ತೇವೆಂದಾಗ ಅಕ್ಕನೇ ಬೈದು ಮೇಜಿಗೆ ಕಳಿಸಿದಳು. "ಮೂವತ್ತನಾಲ್ಕು ಬೇಕು, ಮೂವತ್ತಮೂರು ಬೇಡ ಅಂದ್ರೆ ಹೆಂಗ್ರೇ?" ಎಂದಳಂತೆ.

ಬಿಡುಗಡೆಯ ಪತ್ರ ಬರೆಯುವುದು ಗುಮಾಸ್ತನ ಕೆಲಸ. ಒಂದು ಪುಟದ ಪತ್ರಕ್ಕೆ ಎರಡು ದಿನ ತೆಗೆದುಕೊಂಡ. ಅಕ್ಕ ಬಂದಳು, ಈ ಸಲ ಎಡಗೈ ಚಾಚಿ ಬಾಗಿಲು ಎಲ್ಲಿದೆ ಎಂದು ಮುಟ್ಟಿ ನೋಡಿಕೊಂಡೇ ಒಳಗೆ ಬಂದಳು. ಈಗ ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಅವನು ಎದ್ದು ತನ್ನ ಕುರ್ಚಿಯನ್ನೇ ಕೊಟ್ಟ.

"ಓದಿ ಗುಮಾಸ್ತ್ರೇ. ಕೇಳ್ದೆ ಹೆಬ್ಬೆಟ್ಟು ಹಾಕಲ್ಲ ನಾನು."

ಅವನು ನಿಂತುಕೊಂಡೇ ಓದಿದ. ದಿನಾಂಕ ಓದಿದ, ವಿಷಯ ಓದಿದ. ಮೂವತ್ತೊಂದು ವರ್ಷ ಎಂದು ಓದಿದ. "ಒಪ್ಪಂದದ ಮೂವತ್ತಮೂರನೆಯ ಕಲಮಿನ ಪ್ರಕಾರ, ಸದರಿ ನೌಕರರ ಸೇವಾವಧಿ ಎಷ್ಟೇ ಇದ್ದರೂ..." ಎಂಬಲ್ಲಿಗೆ ಬಂದು ನಿಲ್ಲಿಸಿದ. ಕೆಮ್ಮಿ ಮತ್ತೆ ಶುರು ಮಾಡಿದ. ಮತ್ತೆ ಅಲ್ಲೇ ನಿಂತ. ಅಕ್ಷರಗಳು ಕಣ್ಣಿನ ನೀರಲ್ಲಿ ಕಲಸಿಹೋದವು.

"ಕೂತ್ಕೊಳ್ಳಿ. ಮುಂದಿಂದು ನನಗೆ ಬರುತ್ತೆ" ಎಂದಳು ಅಕ್ಕ. ಕೈ ಕಟ್ಟಿಕೊಂಡು, ಗೋಡೆಯ ಕಡೆ ನೋಡುತ್ತ, ತನ್ನನ್ನು ಮನೆಗೆ ಕಳಿಸುವ ಆ ವಾಕ್ಯವನ್ನು ಒಂದು ಪದವೂ ಬಿಡದೆ ಕೊನೆಯವರೆಗೂ ಹೇಳಿ ಮುಗಿಸಿದಳು.